ಬೆಳಗದ ಭಂಡಾರಗಳು

ಜರ್ಮನ್ ಸೈನ್ಯವು ಹಾಲೆಂಡನ್ನು ಆಕ್ರಮಿಸಿಕೊಂಡು, ಲೈಡನ್ ವಿಶ್ವವಿದ್ಯಾನಿಲಯದ ಬಾಗಿಲನ್ನು ಮುಚ್ಚಿಸಿ, ಅಲ್ಲಿನ ಪಂಡಿತರಲ್ಲಿ ಕೆಲವರನ್ನು ಸೆರೆಗೂ ಕೆಲವರನ್ನು ಹಳ್ಳಿಗಳ ಅಜ್ಞಾತವಾಸಕ್ಕೂ ಗುರಿಮಾಡಿದ್ದ ದಿನಗಳಲ್ಲಿ, ಆ ಊರಿನ ವೇಧಶಾಲೆಯಲ್ಲಿ 1944ರ ಏಪ್ರಿಲ್ 15ರಂದು ಖಗೋಳಜ್ಞರ ಒಂದು ಸಣ್ಣ ಸಭೆ ಕೂಡಿತು. ಅಮೆರಿಕದ ಗ್ರೋಟ್ ರೀಬರ್ ಎಂಬ ಹವ್ಯಾಸಿಯು ತನ್ನ ಮನೆಯ ಪಕ್ಕದಲ್ಲಿ ತಾನೇ ಕಟ್ಟಿ ನಿಲ್ಲಿಸಿದ ಲೋಹದ ಬಟ್ಟಲಿನಿಂದ ಆಕಾಶದ ರೇಡಿಯೊ ತರಂಗಗಳನ್ನು ಹಿಡಿದನೆಂಬ ವಾರ್ತೆಯು ಯುದ್ಧದ ಬೇಲಿಗಳನ್ನೆಲ್ಲ ದಾಟಿ ಅಲ್ಲಿಗೆ ಬಂದು ಮುಟ್ಟಿದ್ದಿತು. ಅದನ್ನು ಓದಿದ ಯಾನ್ ಊರ್ಟ್ ಎಂಬ ಹಿರಿಯ ವಿಜ್ಞಾನಿ, ಈ ತರಂಗಗಳಲ್ಲಿ ನಿಶ್ಚಿತವಾದ ಒಂದೇ ಒಂದು ಆವೃತ್ತಿಯಲ್ಲಿ ಹೊಮ್ಮುವಂಥದು ಯಾವುದಾದರೂ ಇದ್ದೀತೆ, ಇದ್ದರೆ ಅದರ ಪಲ್ಲಟದಿಂದ ಆಕಾಶದ ಅನಿಲಗಳ ವೇಗವನ್ನೇ ಅಳೆಯಬಹುದಲ್ಲವೆ ಎಂದು ಯೋಚಿಸಿ, ಆ ಪ್ರಶ್ನೆಯನ್ನು ಇಪ್ಪತ್ತೈದು ವರ್ಷದ ಹೆಂಕ್ ಫಾನ್ ಡ ಹುಲ್ಸ್ಟ್ ಎಂಬ ವಿದ್ಯಾರ್ಥಿಗೆ ಒಪ್ಪಿಸಿದ್ದನು. ಸಭೆಯಲ್ಲಿ ಆ ತರುಣನು ತಂದಿಟ್ಟ ಉತ್ತರ ಇಷ್ಟು: ಜಲಜನಕದ ಪರಮಾಣುವಿನಲ್ಲಿ ಪ್ರೋಟಾನಿಗೂ ಎಲೆಕ್ಟ್ರಾನಿಗೂ ಸ್ವಭ್ರಮಣವುಂಟು, ಇವೆರಡೂ ಒಂದೇ ದಿಕ್ಕಿಗಿದ್ದ ಸ್ಥಿತಿಯಿಂದ ಪರಸ್ಪರ ವಿರುದ್ಧವಾದ ಸ್ಥಿತಿಗೆ ಮಗುಚಿಕೊಂಡಾಗ 21 ಸೆಂಟಿಮೀಟರ್ ಉದ್ದದ ಒಂದು ತರಂಗವು ಹೊರಡಬೇಕು. ಒಂಟಿ ಪರಮಾಣುವೊಂದರಲ್ಲಿ ಈ ಮಗುಚುವಿಕೆ ತಾನಾಗಿ ಸಂಭವಿಸಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಮಿಕ್ಕಿ ಕಾಯಬೇಕಾದರೂ, ಆಕಾಶದಲ್ಲಿ ಜಲಜನಕದ ರಾಶಿ ಎಷ್ಟು ಅಪಾರವೆಂದರೆ, ಆ ಕ್ಷೀಣಧ್ವನಿ ಭೂಮಿಗೆ ಕೇಳಿಸಿದರೂ ಕೇಳಿಸೀತು.

ಕೇಳಿಸಲು ಏಳು ವರ್ಷ ಹಿಡಿಯಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಪರ್ಸೆಲ್ಲನ ಶಿಷ್ಯನಾಗಿದ್ದ ಹೆರಾಲ್ಡ್ ಯೂಯೆನ್ ಎಂಬಾತನು ಐನೂರು ಡಾಲರಿನ ಅನುದಾನದಲ್ಲಿ ಪ್ಲೈವುಡ್ಡಿನ ಒಂದು ದೊಡ್ಡ ಕಹಳೆಯನ್ನು ಮಾಡಿಸಿ, ಒಳಮೈಗೆ ತಾಮ್ರದ ತಗಡನ್ನು ಹೊದೆಸಿ, ಪ್ರಯೋಗಶಾಲೆಯ ಮೇಲಂತಸ್ತಿನ ಕಿಟಕಿಯಿಂದ ಆಕಾಶದ ಕಡೆಗೆ ಬಾಯಿಮಾಡಿ ನಿಲ್ಲಿಸಿದನು. ಮಳೆ ಬಂದಾಗ ಕಹಳೆಯು ನೀರನ್ನು ಒಂದು ಹನಿಯೂ ಪೋಲಾಗದಂತೆ ಹಿಡಿದು ಕೋಣೆಯೊಳಕ್ಕೆ ಸುರಿಸುತ್ತಿದ್ದಿತು. ಚಳಿಗಾಲದಲ್ಲಿ ಕೆಳಗೆ ಹೋಗುವ ವಿದ್ಯಾರ್ಥಿಗಳಿಗೆ ಅದರ ತೆರೆದ ಬಾಯಿ ಹಿಮದ ಉಂಡೆ ಎಸೆಯಲು ಸೊಗಸಾದ ಗುರಿಯಾಯಿತು. ಈ ಉಪದ್ರವಗಳ ನಡುವೆಯೇ 1951ರ ಮಾರ್ಚ್ 25ರಂದು ಜಲಜನಕದ ರೇಖೆಯು ಸಿಕ್ಕಿತು. ಮೂಲಯೋಚನೆ ಯಾರದೋ ಆ ಹಾಲೆಂಡಿನವರು ಉಪಕರಣವು ಬೆಂಕಿಗೆ ಆಹುತಿಯಾದ ಕಾರಣ ಹಿಂದೆ ಬಿದ್ದಿದ್ದರು. ಜರ್ಮನರು ಬಿಟ್ಟುಹೋಗಿದ್ದ ರೇಡಾರ್ ಬಟ್ಟಲನ್ನೇ ಕೂಟ್‌ವೈಕ್ ಎಂಬಲ್ಲಿ ಆಕಾಶಕ್ಕೆ ತಿರುಗಿಸಿಕೊಂಡು ಅವರೂ ಮೇ 11ರಂದು ಅದನ್ನೇ ಕಂಡರು. ಆಸ್ಟ್ರೇಲಿಯದವರು ಸ್ವಲ್ಪ ಕಾಲದಲ್ಲಿಯೇ ದೃಢೀಕರಿಸಿದರು. ತಾನು ಮೊದಲಿಗನೆಂಬುದನ್ನು ಕೂಡಲೇ ಸಾರಿಕೊಳ್ಳದೆ, ಮಿಕ್ಕವರ ದೃಢೀಕರಣಕ್ಕಾಗಿ ಪರ್ಸೆಲ್ ಕಾದಿದ್ದು ಮೂರು ದೇಶಗಳ ಫಲಿತಾಂಶವನ್ನೂ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಚ್ಚಾಗಗೊಟ್ಟುದನ್ನು, ಇಂದಿನ ವಿಜ್ಞಾನಪ್ರಪಂಚದ ಧಾವಂತವನ್ನು ಬಲ್ಲವರು ಸ್ವಲ್ಪ ಬೆರಗಿನಿಂದಲೇ ಓದಬೇಕು.

ಅಂದಿನಿಂದ ಗೆಲಾಕ್ಸಿಗಳನ್ನು ಕಾಣುವ ದಾರಿ ಎರಡಾಯಿತು. ಕಣ್ಣಿಗೂ ಛಾಯಾಫಲಕಕ್ಕೂ ಸಿಕ್ಕುವುದು ಆಗಲೇ ಹುಟ್ಟಿ ಉರಿಯುತ್ತಿರುವ ನಕ್ಷತ್ರಗಳು. ರೇಡಿಯೊ ಬಟ್ಟಲಿಗೆ ಸಿಕ್ಕುವುದು ನಕ್ಷತ್ರವಾಗದೆ ಇನ್ನೂ ಕಚ್ಚಾಸ್ಥಿತಿಯಲ್ಲಿ ಉಳಿದಿರುವ ಅನಿಲ. ಆಸ್ಟ್ರೇಲಿಯದವರು 1953ರಲ್ಲಿ ಮೆಗಲನ್ ಮೇಘಗಳೆಂಬ ನಮ್ಮ ನೆರೆಯ ಪುಟ್ಟ ಗೆಲಾಕ್ಸಿಗಳ ಜಲಜನಕವನ್ನು ಹಿಡಿದರು. 1959ರಲ್ಲಿ ಮಾರ್ಟನ್ ಶ್ಮಿಟ್, ಅನಿಲದ ಸಾಂದ್ರತೆ ಹೆಚ್ಚಿದಂತೆ ನಕ್ಷತ್ರಗಳ ಜನನವೂ ಹೆಚ್ಚುತ್ತದೆಂದೂ, ಅದು ಬರಿಯ ಅನುಪಾತದಲ್ಲಲ್ಲದೆ ಸಾಂದ್ರತೆಯ ವರ್ಗದ ಲೆಕ್ಕದಲ್ಲಿ ಏರುತ್ತದೆಂದೂ ಸೂಚಿಸಿದನು. ಅಂದರೆ ಸಾಂದ್ರತೆ ಅರ್ಧಕ್ಕಿಳಿದರೆ ಜನನವು ಕಾಲುಭಾಗಕ್ಕೆ ಕುಸಿಯುವುದು. ಈ ಸೂತ್ರದೊಳಗೆ ಒಂದು ವಿಚಿತ್ರ ಸಾಧ್ಯತೆ ಅಡಗಿದ್ದಿತು. ಅನಿಲದ ಮೊತ್ತ ಎಷ್ಟೇ ಇರಲಿ, ಅದು ಸಾಕಷ್ಟು ತೆಳುವಾಗಿ ಹರಡಿಕೊಂಡಿದ್ದರೆ ಆ ಗೆಲಾಕ್ಸಿಯಲ್ಲಿ ನಕ್ಷತ್ರಗಳು ಹುಟ್ಟದೆಯೇ ಉಳಿದಾವು. ಆದರೆ ಅಂಥ ಗೆಲಾಕ್ಸಿಯನ್ನು ಕಂಡವರಿರಲಿಲ್ಲ. ಕಾಣದ್ದರ ಬಗೆಗೆ ತಲೆಕೆಡಿಸಿಕೊಂಡವರೂ ವಿರಳ. ಎಲ್ಲರೊಡನೆಯೂ ಜಗಳವಾಡುತ್ತಿದ್ದ ಫ್ರಿಟ್ಸ್ ಜ್ವಿಕಿ ಎಂಬ ಪ್ರತಿಭಾವಂತನು, ಮಸುಕಾದ ಗೆಲಾಕ್ಸಿಗಳು ಇದ್ದೇ ಇರಬೇಕೆಂದು 1950ರ ದಶಕದಲ್ಲಿಯೇ ಹೇಳಿದ್ದನಾದರೂ, ಆತನ ಮಾತಿಗೆ ಕಿವಿಗೊಡುವ ತಾಳ್ಮೆ ಯಾರಿಗೂ ಇದ್ದಂತೆ ತೋರದು.

ಹೀಗಿರುವಲ್ಲಿ 1970ರಲ್ಲಿ ಕೆನ್ ಫ್ರೀಮನ್ ಎಂಬ ಆಸ್ಟ್ರೇಲಿಯದ ವಿಜ್ಞಾನಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಚಕ್ರಾಕಾರದ 36 ಗೆಲಾಕ್ಸಿಗಳ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅವುಗಳಲ್ಲಿ 28ರ ನಡುಭಾಗದ ಮೇಲ್ಮೈಕಾಂತಿಯು, ಗಾತ್ರ ಯಾವುದೇ ಇರಲಿ, ಹೆಚ್ಚುಕಡಿಮೆ ಒಂದೇ ಆಗಿದ್ದಿತು: ಚದರ ವಿಕಲೆಯೊಂದಕ್ಕೆ 21.65 ಉಜ್ವಲತಾಂಕ. ನಿಸರ್ಗವು ಗೆಲಾಕ್ಸಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಎರೆದಂತಿದ್ದ ಈ ಏಕರೂಪತೆಗೆ ಬೇಗನೆ ನಿಯಮವೆಂಬ ಹೆಸರು ಬಂದಿತು; ಅದನ್ನು ವಿವರಿಸುವ ಸಿದ್ಧಾಂತಗಳೂ ಹುಟ್ಟಿಕೊಂಡವು. 1976ರಲ್ಲಿ ವೇಲ್ಸಿನ ಕಾರ್ಡಿಫ್‌ನ ಮೈಕೆಲ್ ಡಿಸ್ನಿ ಮಾತ್ರ ಬೇರೊಂದು ಪ್ರಶ್ನೆ ಕೇಳಿದನು. ಕತ್ತಲ ರಾತ್ರಿಯಲ್ಲಿಯೂ ಆಕಾಶವು ಪೂರ್ತಿ ಕಪ್ಪಲ್ಲ. ವಾಯುಮಂಡಲದ ತನ್ನದೇ ಮಿನುಗಿನಿಂದ, ಗ್ರಹಗಳ ನಡುವಣ ಧೂಳಿನಿಂದ ಅದಕ್ಕೊಂದು ಬೆಳಕುಂಟು, ಮತ್ತು ಆ ಬೆಳಕು ಫ್ರೀಮನ್ನನ ಸಂಖ್ಯೆಗಿಂತ ಬಹಳ ಕೆಳಗೇನೂ ಇಲ್ಲ. ಗೆಲಾಕ್ಸಿಯೊಂದು ಬಹಳ ಸಾಂದ್ರವಾಗಿದ್ದರೆ ಫಲಕದ ಮೇಲೆ ಅದು ನಕ್ಷತ್ರದಂತೆ ಒಂದು ಚುಕ್ಕೆಯಾಗಿ ತೋರಿ ಲೆಕ್ಕದಿಂದ ತಪ್ಪಿಹೋಗುವುದು. ಬಹಳ ವಿರಳವಾಗಿದ್ದರೆ ಆಕಾಶದ ಬೆಳಕಿನಲ್ಲಿಯೇ ಮುಳುಗಿಹೋಗುವುದು. ನಡುವಣ ಒಂದು ಕಿರಿಯ ಅಂತರದಲ್ಲಿ ಇರುವಂಥವು ಮಾತ್ರ ನಮ್ಮ ಪಟ್ಟಿಗಳನ್ನು ಸೇರುವುವು. ಹಾಗಾದರೆ ಆ ನಿಯಮ ಗೆಲಾಕ್ಸಿಗಳದೋ, ನಮ್ಮ ರಾತ್ರಿಯ ಆಕಾಶದ್ದೋ? ಹೊಸ ವೀಕ್ಷಣೆ ಒಂದೂ ಇಲ್ಲದ, ತರ್ಕಮಾತ್ರದಿಂದ ಕೂಡಿದ ಆ ಪುಟ್ಟ ಲೇಖನವನ್ನು ಅಂದು ಹಲವರು ಚಮತ್ಕಾರವೆಂದು ಮೆಚ್ಚಿ ಬದಿಗಿಟ್ಟರು. ಹಾಗೆಂದು ಫ್ರೀಮನ್ನನನ್ನು ಹಗುರವಾಗಿ ಕಾಣುವಂತಿಲ್ಲ. ಕೆಲವು ಗೆಲಾಕ್ಸಿಗಳ ಭ್ರಮಣವನ್ನು ವಿವರಿಸಲು ಕಾಣುವ ದ್ರವ್ಯ ಸಾಲದೆಂಬ ಎಚ್ಚರಿಕೆಯೂ ಅದೇ 1970ರ ಪ್ರಬಂಧದ ಕೊನೆಯಲ್ಲಿ ಇದ್ದಿತು, ಮತ್ತು ಆ ಎಚ್ಚರಿಕೆಯು ನಿಯಮಕ್ಕಿಂತ ಹೆಚ್ಚು ಕಾಲ ಬಾಳಿತು.

ಡಿಸ್ನಿಯ ತರ್ಕಕ್ಕೆ ದೇಹ ಬಂದದ್ದು ಒಂದು ಕತ್ತಲೆಕೋಣೆಯಲ್ಲಿ. ಡೇವಿಡ್ ಮ್ಯಾಲಿನ್ ಖಗೋಳಶಾಸ್ತ್ರವನ್ನು ಓದಿ ಬಂದವನಲ್ಲ. ಇಂಗ್ಲೆಂಡಿನಲ್ಲಿ ರಸಾಯನವಿದ್ಯೆಯನ್ನೂ ಸೂಕ್ಷ್ಮದರ್ಶಕದ ಛಾಯಾಗ್ರಹಣವನ್ನೂ ಕಲಿತು, 1975ರಲ್ಲಿ ಆಂಗ್ಲೋ–ಆಸ್ಟ್ರೇಲಿಯನ್ ವೇಧಶಾಲೆಗೆ ಛಾಯಾಗ್ರಾಹಕನಾಗಿ ಸೇರಿದವನು. ಆ ಕಾಲದ ಆಕಾಶಚಿತ್ರಗಳು ಗಾಜಿನ ಫಲಕದ ಮೇಲೆ ಮೂಡುತ್ತಿದ್ದುವು. ಸೈಡಿಂಗ್ ಸ್ಪ್ರಿಂಗ್ ಬೆಟ್ಟದ ಮೇಲಿನ ಶ್ಮಿಟ್ ದೂರದರ್ಶಕದ ಫಲಕ ಒಂದೊಂದೂ ಮೊಳದುದ್ದಕ್ಕೆ ಸ್ವಲ್ಪ ಕಡಮೆಯ ಚೌಕ. ನೋಡುವುದಕ್ಕೆ ಕರಿಚುಕ್ಕೆಗಳನ್ನು ಸಿಂಪಡಿಸಿದ ಬೂದುಗಾಜು. ಸೂಕ್ಷ್ಮದರ್ಶಕದ ಅಭ್ಯಾಸವಿದ್ದ ಮ್ಯಾಲಿನ್ ಆ ಗಾಜಿನ ಲೇಪವನ್ನು ಪದರಪದರವಾಗಿ ಯೋಚಿಸಿದನು. ಬೆಳಕು ಲೇಪದ ಮೇಲ್ಭಾಗದಿಂದ ಒಳಹೊಗುವುದರಿಂದ ಅತಿ ಮಸುಕಾದ ಬಿಂಬವು ಮೇಲಿನ ತೆಳುಪದರದಲ್ಲಿಯೇ ಕುಳಿತಿರುತ್ತದೆ. ಬಿಂಬಕ್ಕೆ ಸಂಬಂಧವಿಲ್ಲದ ಮಬ್ಬಿನ ಬೆಳ್ಳಿಕಣಗಳಾದರೋ ಲೇಪದ ಆಳದುದ್ದಕ್ಕೂ ಚೆದರಿರುತ್ತವೆ. ಆದುದರಿಂದ ಫಲಕದ ಲೇಪದ ಮೈಗೆ ಹೊಸ ಫಿಲ್ಮಿನ ಮೈಯನ್ನು ಒತ್ತಿಹಿಡಿದು, ಒಂದೇ ಕಡೆಯಿಂದ ಬೀಳದೆ ಎಲ್ಲ ಕಡೆಯಿಂದಲೂ ಹರಡಿ ಬರುವ ಮೃದುವಾದ ಬೆಳಕನ್ನು ಹಾಯಿಸಿದರೆ, ಫಿಲ್ಮಿಗೆ ಅಂಟಿಕೊಂಡಿರುವ ಮೇಲುಪದರ ಮಾತ್ರ ಸ್ಫುಟವಾಗಿ ಅಚ್ಚಾಗಿ, ಆಳದ ಮಬ್ಬೆಲ್ಲ ಕದಡಿ ಅಳಿದುಹೋಗುವುದು. ತೀಕ್ಷ್ಣವಾದ ಕಪ್ಪುಬಿಳುಪನ್ನು ಕೊಡುವ ಫಿಲ್ಮಿನ ಮೇಲೆ ಹೀಗೆ ಪ್ರತಿಮಾಡಿದಾಗ, ಬರಿಗಣ್ಣು ಫಲಕದಲ್ಲಿ ಏನೂ ಇಲ್ಲವೆಂದು ತೀರ್ಪಿತ್ತ ಕಡೆಗಳಲ್ಲಿ ಮಸುಕು ಚಿಪ್ಪುಗಳೂ ಬಾಲಗಳೂ ಎದ್ದುಬಂದುವು. ಹೊಸ ದೂರದರ್ಶಕವೊಂದನ್ನು ಕಟ್ಟದೆಯೇ ಹಳೆಯ ಗಾಜುಗಳೊಳಗಿಂದ ಹೊಸ ಆಕಾಶವನ್ನು ಹೊರತೆಗೆದ ಈ ಕೈಗೆಲಸಕ್ಕೆ ವಿಜ್ಞಾನದ ಇತಿಹಾಸಗಳು ಕೊಟ್ಟಿರುವ ಪುಟಗಳು ಸಾಲದೆಂದು ನನ್ನ ಭಾವನೆ.

ಗ್ರೆಗ್ ಬಾಥನ್, ಕ್ರಿಸ್ ಇಂಪಿ, ಜೆರೆಮಿ ಮೋಲ್ಡ್ ಎಂಬವರು ಈ ಕೈಚಳಕವನ್ನು ಆಶ್ರಯಿಸಿ ಬಂದರು. ಅವರಿಗೆ ಬೇಕಾಗಿದ್ದುದು ಕನ್ಯಾರಾಶಿಯ ದಿಕ್ಕಿನಲ್ಲಿ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಗೆಲಾಕ್ಸಿಸಮೂಹದೊಳಗಿನ ಕುಬ್ಜ ಗೆಲಾಕ್ಸಿಗಳು, ಅದರಲ್ಲಿಯೂ ಹಿಂದಿನ ಪಟ್ಟಿಗಳಿಂದ ತಪ್ಪಿಸಿಕೊಂಡ ಅತಿ ಮಸುಕಿನವು. ಮ್ಯಾಲಿನ್ ಪ್ರತಿಮಾಡಿಕೊಟ್ಟ ಚಿತ್ರಗಳಲ್ಲಿ ಅಂಥ ಮಸಕುಗಳು ಹಲವು ಸಿಕ್ಕಿದುವು. ಅವುಗಳಲ್ಲಿ ಒಂದರ ನಡುವೆ ಮಾತ್ರ ಸಣ್ಣದೊಂದು ಪ್ರಕಾಶಮಾನವಾದ ಬೀಜವಿದ್ದು, ಸುತ್ತಲೂ ಸುರುಳಿಯ ಸುಳಿವು ಕಂಡಿತು. ಕುಬ್ಜಗಳಿಗೆ ಅಂಥ ಅಲಂಕಾರ ಇರುವುದಿಲ್ಲ. 1986ರಲ್ಲಿ ಆ ಬೀಜದ ಬೆಳಕನ್ನು ಬಿಡಿಸಿ ರೋಹಿತವನ್ನು ತೆಗೆದಾಗ ಅದರ ರೇಖೆಗಳು ಇರಬೇಕಾದ ಸ್ಥಾನದಿಂದ ನೂರಕ್ಕೆ ಎಂಟರಷ್ಟು ಕೆಂಪಿನ ಕಡೆಗೆ ಸರಿದಿದ್ದುವು. ಈ ಸರಿತ ಹೆಚ್ಚಿದಷ್ಟೂ ದೂರವೂ ಹೆಚ್ಚಾದ್ದರಿಂದ, ಆ ವಸ್ತುವು ಕನ್ಯಾಸಮೂಹದ್ದಲ್ಲವೇ ಅಲ್ಲ. ಅದರ ಹಿಂದೆ, ಇಪ್ಪತ್ತಕ್ಕೂ ಹೆಚ್ಚು ಪಟ್ಟು ದೂರದಲ್ಲಿದೆ. ಫಲಕದ ಮೇಲಿನ ಅಗಲ ಅಷ್ಟೇ ಉಳಿದು ದೂರ ಮಾತ್ರ ಇಪ್ಪತ್ತು ಪಟ್ಟು ಹೆಚ್ಚಿದರೆ ನಿಜವಾದ ಗಾತ್ರವೂ ಇಪ್ಪತ್ತು ಪಟ್ಟು ಹೆಚ್ಚಬೇಕಲ್ಲವೆ! ಕುಬ್ಜನೆಂದು ಹಿಡಿದುಕೊಂಡವನು ಕೈಯಲ್ಲಿಯೇ ತ್ರಿವಿಕ್ರಮನಾಗಿ ಬೆಳೆದನು. ಇಂದಿನ ಲೆಕ್ಕದಲ್ಲಿ ಅದರ ದೂರ ಸುಮಾರು 120 ಕೋಟಿ ಜ್ಯೋತಿರ್ವರ್ಷ. ಅಡ್ಡಳತೆ ಆರು ಲಕ್ಷ ಜ್ಯೋತಿರ್ವರ್ಷವನ್ನೂ ಮೀರುವುದು, ನಮ್ಮ ಆಕಾಶಗಂಗೆಯ ಅಗಲವೋ ಒಂದು ಲಕ್ಷದ ಆಸುಪಾಸು. ಪೋರ್ಟೊರಿಕೋ ದ್ವೀಪದ ಅರೆಸಿಬೊದಲ್ಲಿದ್ದ 305 ಮೀಟರ್ ಅಗಲದ ರೇಡಿಯೊ ಬಟ್ಟಲಿಗೆ ಅಲ್ಲಿಂದ ಜಲಜನಕದ ದನಿ ನಿಚ್ಚಳವಾಗಿ ಕೇಳಿಸಿತು. ಲೆಕ್ಕಹಾಕಿದರೆ ಸೂರ್ಯನಂಥ ಹತ್ತು ಸಾವಿರ ಕೋಟಿ ನಕ್ಷತ್ರಗಳ ತೂಕದ ಅನಿಲ! ಮುಂದಿನ ಅಳತೆಗಳು ಇದನ್ನು ಏಳು ಸಾವಿರ ಕೋಟಿಯ ಸಮೀಪಕ್ಕೆ ಇಳಿಸಿದುವಾದರೂ ಐಶ್ವರ್ಯಕ್ಕೆ ಅದೇನು ಕಡಮೆ? ಇಷ್ಟನ್ನು ಕೂಡಿಟ್ಟುಕೊಂಡ ಆ ಗೆಲಾಕ್ಸಿಯ ಚಕ್ರವಾದರೋ, ಫ್ರೀಮನ್ನನ ಸಂಖ್ಯೆಯ ಹತ್ತಾರರಲ್ಲಿ ಒಂದು ಪಾಲು ಬೆಳಕನ್ನೂ ಕಷ್ಟದಿಂದ ಬೀರುತ್ತಿದ್ದಿತು. 1987ರಲ್ಲಿ ಈ ನಾಲ್ವರ ಪ್ರಬಂಧ ಪ್ರಕಟವಾಯಿತು. ಗೆಲಾಕ್ಸಿಗೆ ಮ್ಯಾಲಿನ್ 1 ಎಂಬ ಹೆಸರು ನಿಂತಿತು.

ಅಷ್ಟೊಂದು ಅನಿಲವಿದ್ದೂ ನಕ್ಷತ್ರಗಳು ಏಕೆ ಹುಟ್ಟಲಿಲ್ಲ? ಒಲೆಯ ಮುಂದೆ ಕುಳಿತವರೆಲ್ಲ ಬಲ್ಲ ಸಂಗತಿಯೊಂದುಂಟು: ಕೆಂಡಗಳನ್ನು ಒಟ್ಟಿದರೆ ಉರಿ ಏಳುತ್ತದೆ, ಅವೇ ಕೆಂಡಗಳನ್ನು ಅಂಗಳದ ತುಂಬ ಹರವಿದರೆ ಒಂದೊಂದೂ ತನ್ನಷ್ಟಕ್ಕೆ ಬೂದಿಯಾಗುತ್ತದೆ. ಗೆಲಾಕ್ಸಿಯ ಚಕ್ರದಲ್ಲಿ ಅನಿಲವನ್ನು ಒಟ್ಟುಗೂಡಿಸಲು ಹವಣಿಸುವುದು ಅದರ ಸ್ವಂತ ಗುರುತ್ವ. ಚೆದರಿಸುವುವು ಎರಡು, ಅನಿಲದ ಒಳಗಣ ತಳಮಳ ಮತ್ತು ಚಕ್ರದ ಭ್ರಮಣ. ಯಾವ ಸಾಂದ್ರತೆಯನ್ನು ದಾಟಿದರೆ ಗುರುತ್ವವು ಗೆಲ್ಲುವುದೆಂಬ ಗಣಿತವನ್ನು ಆಲಾರ್ ಟೂಮ್ರೆ 1964ರಲ್ಲಿಯೇ ಬಿಡಿಸಿದ್ದನು. ಸಾಮಾನ್ಯ ಸುರುಳಿ ಗೆಲಾಕ್ಸಿಗಳಲ್ಲಿಯೂ ಸಾಂದ್ರತೆ ಆ ಹೊಸ್ತಿಲಿಗಿಂತ ಕೆಳಗಿಳಿಯುವ ಅಂಚಿನಲ್ಲಿ ನಕ್ಷತ್ರಜನನವು ಥಟ್ಟನೆ ನಿಂತುಹೋಗುವುದೆಂದು ರಾಬರ್ಟ್ ಕೆನಿಕಟ್ 1989ರಲ್ಲಿ ತೋರಿಸಿದನು. 1993ರಲ್ಲಿ ಮಸುಕು ಗೆಲಾಕ್ಸಿಗಳ ಅನಿಲದ ನಕ್ಷೆಗಳನ್ನು ತೆಗೆದ ತಂಡವೊಂದಕ್ಕೆ, ಅವುಗಳ ಸಾಂದ್ರತೆ ಬರಿಯ ಅಂಚಿನಲ್ಲಲ್ಲ, ಹೆಚ್ಚುಕಡಿಮೆ ಎಲ್ಲೆಡೆಯಲ್ಲಿಯೂ ಆ ಹೊಸ್ತಿಲಿನ ಕೆಳಗೇ ಇರುವುದು ಕಂಡುಬಂದಿತು.

ಇಷ್ಟು ಸಾಲದೆಂಬಂತೆ ಇನ್ನೊಂದು ವಿಷಚಕ್ರವೂ ಅಲ್ಲಿ ತಿರುಗುತ್ತಿದೆ. ನಕ್ಷತ್ರವಾಗಬೇಕಾದರೆ ಜಲಜನಕವು ಮೊದಲು ತಣ್ಣಗಾಗಿ, ಎರಡೆರಡು ಪರಮಾಣುಗಳು ಜೊತೆಗೂಡಿ ಅಣುವಾಗಬೇಕು; ಆ ಕೂಡಾವಳಿ ನಡೆಯುವುದು ಧೂಳಿನ ಕಣಗಳ ಮೈಮೇಲೆ. ಧೂಳು ಬರುವುದು ಇಂಗಾಲ, ಆಮ್ಲಜನಕ, ಸಿಲಿಕಾನ್ ಮೊದಲಾದ ಭಾರಧಾತುಗಳಿಂದ. ಅವು ತಯಾರಾಗುವುದು ನಕ್ಷತ್ರಗಳ ಗರ್ಭದಲ್ಲಿ, ಹೊರಗೆ ಚೆಲ್ಲುವುದು ನಕ್ಷತ್ರಗಳು ಸತ್ತಾಗ. ಹುಟ್ಟಿದ ನಕ್ಷತ್ರಗಳೇ ಕಡಮೆಯಾದಲ್ಲಿ ಧಾತುಗಳೂ ಕಡಮೆ, ಧೂಳೂ ಕಡಮೆ, ಆದ್ದರಿಂದ ಮುಂದಿನ ನಕ್ಷತ್ರಗಳೂ ಕಡಮೆ. ಸ್ಟೇಸಿ ಮೆಕ್‌ಗಾ 1990ರ ದಶಕದಲ್ಲಿ ಅಳೆದು ನೋಡಿದಾಗ ಈ ಗೆಲಾಕ್ಸಿಗಳ ಭಾರಧಾತುಗಳ ಪಾಲು ಸಾಮಾನ್ಯವಾಗಿ ಸೂರ್ಯನಲ್ಲಿರುವುದರ ಮೂರನೆಯ ಒಂದಕ್ಕೂ ಕೆಳಗಿದ್ದಿತು. ಬಡತನದಿಂದ ಬಡತನವೇ ಹುಟ್ಟುವ ಸಂಸಾರವನ್ನು ನಾವು ಕಂಡಿದ್ದೇವೆ; ಇಲ್ಲಿಯ ವಿಶೇಷವೆಂದರೆ ಮನೆತುಂಬ ಧನವಿದ್ದೂ ಹೀಗಾಗಿರುವುದು.

ಈ ಕಥೆಯ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲಿಯೂ ಬರೆಯಲ್ಪಟ್ಟಿದೆ. ಊರಿನವರ ನಾಲಗೆಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಗಿಯೇ ಉಳಿದಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚಂದಾ ಜೋಗ್ ಮತ್ತು ಸೌಮಾವೊ ಘೋಷ್ 2014ರಲ್ಲಿ ಯುಜಿಸಿ 7321 ಎಂಬ ಮಸುಕಾದ, ಕಾಗದದ ಹಾಳೆಯಷ್ಟು ತೆಳ್ಳನೆಯ ಗೆಲಾಕ್ಸಿಯ ಗಣಿತವನ್ನು ಕೈಗೆತ್ತಿಕೊಂಡರು. ಕಾಣದ ದ್ರವ್ಯದ ಹಿರಿಯ ಗೋಳವೊಂದು ಇಂಥ ಗೆಲಾಕ್ಸಿಯ ಒಳಭಾಗದಿಂದ ಮೊದಲ್ಗೊಂಡು ಯಜಮಾನಿಕೆ ನಡೆಸುವುದರಿಂದ, ಚಕ್ರದಲ್ಲಿ ಏಳಬೇಕಾದ ಕಲಕು, ಅಂದರೆ ಅನಿಲವನ್ನು ಒತ್ತೊತ್ತಾಗಿ ಸೇರಿಸುವ ಸುರುಳಿತೋಳುಗಳ ಅಲೆ, ತಲೆಯೆತ್ತುವ ಮೊದಲೇ ಅಡಗಿಹೋಗುವುದೆಂದು ಅವರು ತೋರಿಸಿದರು. ಕೋರಮಂಗಲದ ಖಭೌತವಿಜ್ಞಾನ ಸಂಸ್ಥೆಯ ಮೌಸುಮಿ ದಾಸ್ ಸಂಗಡಿಗರೊಡನೆ 2010ರಲ್ಲಿ, ಮ್ಯಾಲಿನ್ 1ರ ತಮ್ಮನೆನ್ನಬಹುದಾದ ಮ್ಯಾಲಿನ್ 2ರ ಚಕ್ರದಲ್ಲಿ ಅಣುರೂಪದ ಅನಿಲದ ಸುಳಿವನ್ನು ಹಿಡಿದರು. ಅಣುಗಳು ಅಲ್ಲಲ್ಲಿ ಆಗುತ್ತಿವೆ, ಆದರೆ ಜಿಪುಣತನದಿಂದ.

ಮ್ಯಾಲಿನ್ 1 ಪೂರ್ತಿ ಬಂಜೆಯಲ್ಲವೆಂಬುದೂ ಕಾಲಕ್ರಮದಲ್ಲಿ ತಿಳಿಯಿತು. ಹಬಲ್ ದೂರದರ್ಶಕದ ಚಿತ್ರವನ್ನು ಆರನ್ ಬಾರ್ತ್ 2007ರಲ್ಲಿ ಪರಿಶೀಲಿಸಿದಾಗ, ನಡುವಿನ ಬೀಜವೇ ಸಾಧಾರಣವಾದ ಒಂದು ದಂಡಸುರುಳಿ ಗೆಲಾಕ್ಸಿಯಂತೆ ಕಂಡಿತು. ಮಸುಕಿನ ಮಹಾಚಕ್ರವು ಅದರ ಹೊರಗಿನ ವಿಸ್ತಾರ. ಚಿಲಿಯ ಗಾಸ್ಪರ್ ಗಲಾಸ್ 2015ರಲ್ಲಿ ಲಾಸ್ ಕಂಪಾನಾಸ್ ಬೆಟ್ಟದ ಆರೂವರೆ ಮೀಟರಿನ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ, ಮ್ಯಾಲಿನ್ನನ ಫಿಲ್ಮಿನಲ್ಲಿ ಬರಿಯ ಸುಳಿವಾಗಿದ್ದ ತೋಳುಗಳು ಸುರುಳಿಸುರುಳಿಯಾಗಿ ಬಿಚ್ಚಿಕೊಂಡುವು. ಅವುಗಳ ನೀಲಿಯನ್ನೂ ಅತಿನೇರಳೆ ಬೆಳಕನ್ನೂ ಲೆಕ್ಕಹಾಕಿದವರು, ಅಲ್ಲಿ ನೂರಾರು ಕೋಟಿ ವರ್ಷಗಳಿಂದ ನಕ್ಷತ್ರಗಳು ಹುಟ್ಟುತ್ತಲೇ ಇವೆಯೆಂದೂ, ಆದರೆ ಅನಿಲದ ಮೊತ್ತಕ್ಕೆ ಹೋಲಿಸಿದರೆ ಆ ವೇಗ ಅತ್ಯಲ್ಪವೆಂದೂ ಹೇಳಿದರು. ಬಹುಕಾಲ ಹುಡುಕಿದರೂ ಸಿಕ್ಕದಿದ್ದ ಅಣುಗಳ ಸುಳಿವು 2024ರಲ್ಲಿ ಆಲ್ಮಾ ಎಂಬ ರೇಡಿಯೊ ದೂರದರ್ಶಕಗಳ ಮೂಲಕ ಅದರ ಕೇಂದ್ರಭಾಗದಲ್ಲಿ ಸಿಕ್ಕಿತು.

ಇಷ್ಟಾದ ಮೇಲೆ, ನಕ್ಷತ್ರಗಳೇ ಇಲ್ಲದ ಶುದ್ಧ ಅನಿಲದ ಗೆಲಾಕ್ಸಿಯೂ ಇರಬಹುದಲ್ಲವೆ ಎಂಬ ಆಸೆ ಹುಟ್ಟುವುದು ಸಹಜ. ಅದರ ಚರಿತ್ರೆಯಲ್ಲಿ ಆಶಾಭಂಗಗಳೇ ಹೆಚ್ಚು. 1989ರಲ್ಲಿ ಜೊವನೆಲಿ ಮತ್ತು ಮಾರ್ಥಾ ಹೇನ್ಸ್ ಎಂಬ ಖಗೋಳಜ್ಞರು ಅರೆಸಿಬೊದಲ್ಲಿ ಉಪಕರಣವನ್ನು ಹದಗೊಳಿಸುವುದಕ್ಕಾಗಿ ಬರಿದಾದ ಆಕಾಶವೆಂದು ನಂಬಿದ ಕಡೆಗೆ ಬಟ್ಟಲನ್ನು ತಿರುಗಿಸಿದಾಗ ಅಲ್ಲೊಂದು ಹಿರಿಯ ಜಲಜನಕದ ಮೇಘವು ಸಿಕ್ಕಿ, ಇದು ಹುಟ್ಟುತ್ತಿರುವ ಗೆಲಾಕ್ಸಿಯೇ ಇರಬೇಕೆಂಬ ಸಡಗರವಾಯಿತು. ಸ್ವಲ್ಪ ಕಾಲದಲ್ಲಿಯೇ ಅದರ ಒಂದು ತುದಿಯಲ್ಲಿ ಪುಟ್ಟದೊಂದು ನಕ್ಷತ್ರಗೆಲಾಕ್ಸಿ ಕಣ್ಣಿಗೆ ಬಿದ್ದಿತು. 2005ರಲ್ಲಿ ಕಾರ್ಡಿಫ್‌ನವರು, ಅವರಲ್ಲಿ ಅದೇ ಡಿಸ್ನಿಯೂ ಒಬ್ಬನು, ಕನ್ಯಾಸಮೂಹದಲ್ಲಿ ಕತ್ತಲೆಯ ಗೆಲಾಕ್ಸಿಯೊಂದನ್ನು ಕಂಡೆವೆಂದು ಸಾರಿದರು. ಎರಡೇ ವರ್ಷದಲ್ಲಿ ಅರೆಸಿಬೊದ ವೀಕ್ಷಣೆಗಳು, ಅದು ನೆರೆಯ ಸುರುಳಿ ಗೆಲಾಕ್ಸಿಯೊಂದರಿಂದ ಸೆಳೆದು ಎಳೆಯಲ್ಪಟ್ಟ ಅನಿಲದ ಉದ್ದಬಾಲದ ತುಣುಕೆಂಬ ಕಡೆಗೆ ಬೊಟ್ಟುಮಾಡಿದುವು. ಮೂವತ್ತು ವರ್ಷ ಹಿಂದೆ ತರ್ಕದಿಂದ ಗೆದ್ದವನಿಗೆ ಈ ಬಾರಿ ವೀಕ್ಷಣೆಯು ಒಲಿಯಲಿಲ್ಲ. ಅರೆಸಿಬೊದ ಬಟ್ಟಲು ತಾನೂ 2020ರ ಡಿಸೆಂಬರ್ 1ರಂದು ಮೇಲಿನ ವೇದಿಕೆ ಕಳಚಿಬಿದ್ದು ಮುರಿದುಹೋಯಿತು.

ಕೊನೆಯದಾಗಿ, 2024ರ ಜನವರಿಯಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್ ವೇಧಶಾಲೆಯ ಕ್ಯಾರನ್ ಓನೀಲ್ ಇನ್ನೊಂದನ್ನು ಮುಂದಿಟ್ಟಳು. ಮಸುಕು ಗೆಲಾಕ್ಸಿಗಳ ಜಲಜನಕವನ್ನು ಹಲವು ದೂರದರ್ಶಕಗಳಿಂದ ಅಳೆದು ತಾಳೆನೋಡುತ್ತಿದ್ದ ಕೆಲಸದಲ್ಲಿ, ಗ್ರೀನ್ ಬ್ಯಾಂಕಿನ ಬಟ್ಟಲಿಗೆ ಸ್ಥಾನಾಂಕ ತಪ್ಪಾಗಿ ಕೊಡಲ್ಪಟ್ಟು ಅದು ಬೇರೆಲ್ಲಿಗೋ ತಿರುಗಿದ್ದಿತು. ತಿರುಗಿದ ಕಡೆಯಲ್ಲಿ, ಸುಮಾರು 27 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಇನ್ನೂರು ಕೋಟಿ ಸೂರ್ಯರ ತೂಕದ ಜಲಜನಕವು ಗೆಲಾಕ್ಸಿಯಂತೆ ಭ್ರಮಿಸುತ್ತಿರುವುದು ಸಿಕ್ಕಿತು. ಜೆ0613+52 ಎಂಬ ಅಂಕೆಯ ಹೆಸರಿನ ಅದರ ಜಾಗದಲ್ಲಿ ಅಂದಿನವರೆಗಿನ ಚಿತ್ರಗಳಲ್ಲಿ ನಕ್ಷತ್ರಗಳು ಕಂಡಿರಲಿಲ್ಲ. ಅನಿಲ ಅತಿವಿರಳ, ಕಲಕಿ ಒಟ್ಟುಮಾಡಲು ನೆರೆಹೊರೆಯ ಗೆಲಾಕ್ಸಿಗಳೂ ಹತ್ತಿರದಲ್ಲಿಲ್ಲ. ಹಿಂದಿನ ಉದಾಹರಣೆಗಳನ್ನು ನೆನೆದರೆ, ದೀರ್ಘಕಾಲ ಬೆಳಕನ್ನು ಕೂಡಿಸಿ ತೆಗೆದ ಚಿತ್ರವೊಂದರಲ್ಲಿ ಅಲ್ಲಿಯೂ ಒಂದಿಷ್ಟು ಮಸುಕು ನಕ್ಷತ್ರಗಳು ಸಿಕ್ಕಿಯೇ ಸಿಕ್ಕುವುವೆಂದು ನನ್ನ ಎಣಿಕೆ. ಸಿಕ್ಕದೆಹೋದರೆ, ಜ್ವಿಕಿ ಊಹಿಸಿದ್ದಕ್ಕಿಂತಲೂ ಮಸುಕಾದ ಗೆಲಾಕ್ಸಿಯೊಂದು ಪಟ್ಟಿಗೆ ಸೇರಿದಂತಾಗುವುದು.